ಚೆಕ್ ವಾಪಸಾದ ಮೇಲೆ ದಿನಗಳ ಲೆಕ್ಕ: ಓದುಗರ ಕಾನೂನು ಪ್ರಶ್ನೆಗಳಿಗೆ ಉತ್ತರ

ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಚೆಕ್ ಬೌನ್ಸ್ ಪ್ರಕರಣಗಳಿಗೇ ಮೀಸಲಿಟ್ಟಿದ್ದೇವೆ. ಬಂದ ಪತ್ರಗಳನ್ನು ಓದಿದಾಗ ಒಂದು ತಪ್ಪು ಗ್ರಹಿಕೆ ಪದೇ ಪದೇ ಕಣ್ಣಿಗೆ ಬಿತ್ತು. ಚೆಕ್ ವಾಪಸಾದ ಕೂಡಲೇ ಅಪರಾಧವಾಯಿತು, ಇನ್ನು ಕೇಸು ಹಾಕುವುದಷ್ಟೇ ಬಾಕಿ ಎಂದು ಅನೇಕರು ತಿಳಿದಿದ್ದಾರೆ. ವರ್ಗಾವಣೀಯ ಲಿಖಿತಗಳ ಅಧಿನಿಯಮದ, ಅಂದರೆ ಕೋರ್ಟುಗಳಲ್ಲಿ ಎಲ್ಲರೂ ಎನ್.ಐ. ಆಕ್ಟ್ ಎನ್ನುವ 1881ರ ಕಾಯ್ದೆಯ 138ನೇ ಕಲಮಿನ ಪ್ರಕಾರ, ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ತಲುಪಿ, ಅಲ್ಲಿಂದ 15 ದಿನ ಕಳೆದರೂ ಹಣ ಬಾರದೇ ಹೋದಾಗಲಷ್ಟೇ ಅಪರಾಧ ಪೂರ್ಣವಾಗುತ್ತದೆ. ಹಣ ಕೊಟ್ಟು ಪಾರಾಗಲು ಕಾಯ್ದೆ ಕೊಟ್ಟ ಕೊನೆಯ ಅವಕಾಶವೇ ಆ ನೋಟಿಸ್. ಕೆಳಗಿನ ಉತ್ತರಗಳೆಲ್ಲ ಈ ಒಂದು ತತ್ವವನ್ನೇ ಆಧರಿಸಿವೆ. ಕಾಲಮಿತಿ ಮೀರುವ ಭಯವಿದ್ದ ಓದುಗರಿಗೆ ಪತ್ರ ಬಂದ ಕೂಡಲೇ ನೇರವಾಗಿ ಉತ್ತರ ಕಳುಹಿಸಿದ್ದೇವೆ. ಉಳಿದವರಿಗೂ ಉಪಯೋಗವಾಗಲೆಂದು ಅವುಗಳನ್ನು ಇಲ್ಲಿ ಪ್ರಕಟಿಸುತ್ತಿದ್ದೇವೆ.

ಪ್ರಶ್ನೆ: ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಕೋಲ್ಡ್ ಸ್ಟೋರೇಜಿನಲ್ಲಿದ್ದ ಡಬ್ಬಿ ಕಾಯಿಯನ್ನು ಗುಂಟೂರಿನ ಖರೀದಿದಾರರೊಬ್ಬರಿಗೆ ಉದ್ರಿ ಕೊಟ್ಟಿದ್ದೆ. ಅವರು 2025ರ ನವೆಂಬರ್ 10ರ ದಿನಾಂಕದ 4,80,000 ರೂಪಾಯಿಯ ಚೆಕ್ ಕೊಟ್ಟರು. ಅದು ವಾಪಸಾಯಿತು. ವಕೀಲರಿಂದ ನೋಟಿಸ್ ಕೊಡಿಸಿದೆ. ನವೆಂಬರ್ 24ರಂದು ಅವರಿಗೆ ತಲುಪಿತು. ಸಂಕ್ರಾಂತಿ ಮುಗಿಯಲಿ, ಮತ್ತೆ ಚೆಕ್ ಹಾಕಿ, ಪಾಸಾಗುತ್ತದೆ ಎಂದು ಫೋನಿನಲ್ಲಿ ಕೇಳಿಕೊಂಡರು. ವರ್ಷಗಳ ವ್ಯವಹಾರವಾದ್ದರಿಂದ ಒಪ್ಪಿ ಸುಮ್ಮನಾದೆ. ಮತ್ತೆ ಹಾಕಿದ ಚೆಕ್ ಜನವರಿ 27ರಂದು 'ಖಾತೆಯಲ್ಲಿ ಸಾಕಷ್ಟು ಹಣವಿಲ್ಲ' ಎಂದು ಮರಳಿದೆ. ಮೊದಲ ನೋಟಿಸಿನ ಕಾಲಮಿತಿ ಮುಗಿದಿರುವುದರಿಂದ ಕೇಸು ಬರುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಕೇಸು ಹಾಕಬೇಕಾದರೂ ಗುಂಟೂರಿಗೇ ಹೋಗಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಇಬ್ಬರೂ ಹೇಳುತ್ತಿರುವುದು ಹಿಂದೊಮ್ಮೆ ಸರಿಯಾಗಿತ್ತು, ಈಗ ಸರಿಯಲ್ಲ. ಒಮ್ಮೆ ನೋಟಿಸ್ ಕೊಟ್ಟು ಕಾಲಮಿತಿಯೊಳಗೆ ದೂರು ಸಲ್ಲಿಸದಿದ್ದರೆ ಅದೇ ಚೆಕ್ಕಿನ ಮೇಲೆ ಮತ್ತೆ ನೋಟಿಸ್ ಕೊಟ್ಟು ಕೇಸು ಹಾಕಲು ಬರುವುದಿಲ್ಲ ಎಂದು 1998ರ ಸದಾನಂದನ್ ಭದ್ರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಎಂ.ಎಸ್.ಆರ್. ಲೆದರ್ಸ್ ಪ್ರಕರಣದಲ್ಲಿ 2012ರಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ತಳ್ಳಿಹಾಕಿತು. ಸಾಲಗಾರ ಕೇಳಿಕೊಂಡನೆಂದು ಕೆಲವು ದಿನ ತಡೆದವನನ್ನು ಕಾನೂನು ಶಿಕ್ಷಿಸಬಾರದು ಎಂಬ ನ್ಯಾಯದೃಷ್ಟಿ ಆ ತೀರ್ಪಿನಲ್ಲಿದೆ. ಚೆಕ್ಕಿಗೆ ಮಾನ್ಯತೆ ಇರುವಷ್ಟು ಕಾಲ ಅದನ್ನು ಎಷ್ಟು ಬಾರಿಯಾದರೂ ಹಾಜರುಪಡಿಸಬಹುದು, ಪ್ರತಿ ಬಾರಿ ವಾಪಸಾದಾಗಲೂ ಹೊಸ ನೋಟಿಸ್ ಕೊಡಬಹುದು, ಆ ಹೊಸ ನೋಟಿಸಿನ ಆಧಾರದ ಮೇಲೆ ದೂರು ಸಲ್ಲಿಸಬಹುದು.

ಇಲ್ಲಿ ಮಾನ್ಯತೆಯ ಅವಧಿ ಮುಖ್ಯ. 138ನೇ ಕಲಮಿನಲ್ಲಿ ಈಗಲೂ ಆರು ತಿಂಗಳು ಅಥವಾ ಚೆಕ್ಕಿನ ಮಾನ್ಯತೆಯ ಅವಧಿ, ಇವೆರಡರಲ್ಲಿ ಯಾವುದು ಮೊದಲೋ ಅದು ಎಂದಿದೆ. ಆದರೆ ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2012ರ ಏಪ್ರಿಲ್ 1ರಿಂದ ಚೆಕ್ಕಿನ ಮಾನ್ಯತೆ ಮೂರೇ ತಿಂಗಳು. ಆ ಅವಧಿಯೊಳಗೆ ಚೆಕ್ ನಿಮ್ಮ ಬ್ಯಾಂಕನ್ನು ತಲುಪಿದರೆ ಸಾಲದು, ಹಣ ಕೊಡಬೇಕಾದ ಬ್ಯಾಂಕನ್ನೇ ತಲುಪಿರಬೇಕು. ನಿಮ್ಮ ಚೆಕ್ಕಿಗೆ ಫೆಬ್ರುವರಿ ಎರಡನೇ ವಾರದವರೆಗೆ ಜೀವವಿತ್ತು. ಜನವರಿ 27ರಂದು ಅದು ವಾಪಸಾಗಿರುವುದರಿಂದ ನಿಮಗೆ ಹೊಸದಾಗಿ ಹಕ್ಕು ಹುಟ್ಟಿದೆ.

ಇನ್ನು ದಿನಗಳನ್ನು ಎಣಿಸೋಣ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು. ಮೊದಲು ಇದು 15 ದಿನವಾಗಿತ್ತು. 2002ರ ತಿದ್ದುಪಡಿ 2003ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ 30 ಆಯಿತು. ಮಾಹಿತಿ ಬಂದ ದಿನವನ್ನು ಬಿಟ್ಟು ಎಣಿಸಬೇಕಾದ್ದರಿಂದ ಜನವರಿ 28 ನಿಮ್ಮ ಮೊದಲ ದಿನ, ಫೆಬ್ರುವರಿ 26 ಮೂವತ್ತನೆಯ ದಿನ. ಕಾಯ್ದೆಯಲ್ಲಿರುವ ಮಾತು 'ಮಾಹಿತಿ' ಎಂದು, 'ಮೆಮೊ' ಎಂದಲ್ಲ. ಆದ್ದರಿಂದ ಬ್ಯಾಂಕಿನ ಎಸ್ಸೆಮ್ಮೆಸ್ ಮೊದಲೇ ಬಂದು, ವಾಪಸಾತಿ ಮೆಮೊ ಕೈಗೆ ಸಿಗುವುದು ನಾಲ್ಕು ದಿನ ತಡವಾದರೆ, ಎಸ್ಸೆಮ್ಮೆಸ್ ಬಂದ ದಿನದಿಂದಲೇ ಲೆಕ್ಕ ಹಾಕುವುದು ಕ್ಷೇಮ. ಮೂವತ್ತು ದಿನಗಳೊಳಗೆ ನೋಟಿಸನ್ನು ರವಾನಿಸಿದರೆ ಸಾಕು, ಅಷ್ಟರೊಳಗೆ ಅದು ತಲುಪಿರಲೇಬೇಕೆಂದಿಲ್ಲ. ಹಾಗಿದ್ದರೂ ಕೊನೆಯ ದಿನದವರೆಗೆ ಕಾಯಬೇಡಿ.

ನೀವು ಫೆಬ್ರುವರಿ 9ರಂದು ನೋಟಿಸ್ ಕಳುಹಿಸಿ, ಅದು 13ರಂದು ಗುಂಟೂರಿನಲ್ಲಿ ತಲುಪಿತು ಎಂದಿಟ್ಟುಕೊಳ್ಳಿ. 14ರಿಂದ ಎಣಿಸಿದರೆ ಫೆಬ್ರುವರಿ 28ಕ್ಕೆ 15 ದಿನ ತುಂಬುತ್ತದೆ. ಆ ದಿನ ಮುಗಿಯುವವರೆಗೂ ಹಣ ಕೊಡಲು ಅವರಿಗೆ ಅವಕಾಶವಿದೆ. ಮಾರ್ಚ್ 1ರಂದು ನಿಮಗೆ ವ್ಯಾಜ್ಯಕಾರಣ, ಅಂದರೆ ದೂರು ಹಾಕುವ ಹಕ್ಕು, ಹುಟ್ಟುತ್ತದೆ. ಅಲ್ಲಿಂದ ಒಂದು ತಿಂಗಳೊಳಗೆ ದೂರು ಸಲ್ಲಿಸಬೇಕೆಂದು 142ನೇ ಕಲಮು ಹೇಳುತ್ತದೆ. ಆ ತಿಂಗಳನ್ನು ಎಣಿಸುವಾಗ ವ್ಯಾಜ್ಯಕಾರಣ ಹುಟ್ಟಿದ ದಿನವನ್ನು ಬಿಡಬೇಕೆಂದು 1999ರ ಸಾಕೇತ್ ಇಂಡಿಯಾ ತೀರ್ಪು ಹೇಳಿತ್ತು, 2013ರ ಇಕಾನ್ ಆಂತ್ರಿ ತೀರ್ಪಿನಲ್ಲಿ ದೊಡ್ಡ ಪೀಠ ಅದನ್ನು ಎತ್ತಿಹಿಡಿಯಿತು. ತಿಂಗಳೆಂದರೆ ಕ್ಯಾಲೆಂಡರ್ ತಿಂಗಳೇ ಹೊರತು ಮೂವತ್ತು ದಿನವಲ್ಲ. ಹಾಗಾಗಿ ಏಪ್ರಿಲ್ 1 ನಿಮ್ಮ ಕೊನೆಯ ದಿನ. ಕೊನೆಯ ದಿನ ಕೋರ್ಟಿಗೆ ರಜೆಯಿದ್ದರೆ ತೆರೆದ ದಿನವೇ ಸಲ್ಲಿಸಬಹುದು.

ಗುಂಟೂರಿಗೆ ಹೋಗುವ ಅಗತ್ಯವಿಲ್ಲ. 2014ರ ದಶರಥ ರೂಪಸಿಂಗ್ ರಾಠೋಡ್ ತೀರ್ಪಿನ ನಂತರ ಚೆಕ್ ಕೊಟ್ಟವರ ಬ್ಯಾಂಕ್ ಇರುವ ಊರಿನಲ್ಲೇ ಕೇಸು ಹಾಕಬೇಕಾಗಿತ್ತು. ಸಣ್ಣ ವ್ಯಾಪಾರಿಗಳಿಗೆ ಅದರಿಂದ ಆದ ತೊಂದರೆ ಅಷ್ಟಿಷ್ಟಲ್ಲ. 2015ರ ತಿದ್ದುಪಡಿ ಅದನ್ನು ಸರಿಪಡಿಸಿದೆ. ಚೆಕ್ಕನ್ನು ನಿಮ್ಮ ಖಾತೆಗೆ ಜಮಾ ಮಾಡಿದ್ದರೆ, ನಿಮ್ಮ ಖಾತೆಯಿರುವ ಶಾಖೆ ಯಾವ ಮ್ಯಾಜಿಸ್ಟ್ರೇಟರ ವ್ಯಾಪ್ತಿಗೆ ಬರುತ್ತದೋ ಆ ನ್ಯಾಯಾಲಯದಲ್ಲಿಯೇ ದೂರು ಸಲ್ಲಿಸಬೇಕು.

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಶಾಲಾ ಶಿಕ್ಷಕಿ. ಪರಿಚಿತರೊಬ್ಬರಿಗೆ ಕೊಟ್ಟ ಕೈಸಾಲಕ್ಕೆ ಬದಲಾಗಿ ಅವರು ನೀಡಿದ ಚೆಕ್ ಅಮಾನ್ಯವಾಯಿತು. ಜನವರಿ 7ರಂದು ವಕೀಲರ ನೋಟಿಸನ್ನು ಅಂಚೆಯಲ್ಲಿ ಕಳುಹಿಸಿದೆವು, ಅದೇ ದಿನ ಅದರ ಪಿಡಿಎಫ್ ಪ್ರತಿಯನ್ನು ವಾಟ್ಸ್ಆ್ಯಪ್‌ನಲ್ಲೂ ಹಾಕಿದೆ. ಎರಡು ನೀಲಿ ಗೆರೆ ಬಂದಿದೆ, ಉತ್ತರವಿಲ್ಲ. ಅಂಚೆಯ ಲಕೋಟೆಯಾದರೋ 'ಬಾಗಿಲು ಹಾಕಿದೆ, ಸೂಚನೆ ಕೊಟ್ಟಿದೆ' ಎಂಬ ಷರಾದೊಂದಿಗೆ ಜನವರಿ 19ರಂದು ವಾಪಸು ಬಂತು. ನೋಟಿಸ್ ಜಾರಿಯಾದಂತೆಯೇ? 15 ದಿನವನ್ನು ಎಲ್ಲಿಂದ ಎಣಿಸಬೇಕು?

ಉತ್ತರ: ವಿಳಾಸ ಸರಿಯಾಗಿದ್ದರೆ ನೋಟಿಸ್ ಜಾರಿಯಾದಂತೆಯೇ ಲೆಕ್ಕ. ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ತೆತ್ತು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಪತ್ರ ಸಾಮಾನ್ಯ ಕ್ರಮದಲ್ಲಿ ತಲುಪಿದೆ ಎಂದೇ ಭಾವಿಸಬೇಕೆಂಬ ನಿಯಮ ಜನರಲ್ ಕ್ಲಾಸಸ್ ಆಕ್ಟಿನ 27ನೇ ಕಲಮಿನಲ್ಲಿದೆ. 138ನೇ ಕಲಮಿನ ನೋಟಿಸಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2007ರ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. 'ನಿರಾಕರಿಸಿದ್ದಾರೆ', 'ಪಡೆದುಕೊಂಡಿಲ್ಲ', 'ಬಾಗಿಲು ಹಾಕಿದೆ' ಮುಂತಾದ ಷರಾಗಳಿಂದ ಕೇಸು ಬಿದ್ದುಹೋಗುವುದಿಲ್ಲ. ತನಗೆ ನಿಜವಾಗಿಯೂ ತಲುಪಲಿಲ್ಲ ಎಂದು ಸಾಬೀತುಪಡಿಸುವ ಹೊಣೆ ಚೆಕ್ ಕೊಟ್ಟವರದು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ನೋಟಿಸೇ ಬಂದಿರಲಿಲ್ಲ ಎನ್ನುವ ಪ್ರಾಮಾಣಿಕ ವ್ಯಕ್ತಿ ಕೋರ್ಟಿನ ಸಮನ್ಸ್ ಬಂದ 15 ದಿನಗಳೊಳಗೆ ಚೆಕ್ಕಿನ ಹಣ ಕೊಟ್ಟು ದೂರನ್ನು ವಜಾಗೊಳಿಸಲು ಕೇಳಬಹುದು, ಹಾಗೆ ಕೊಡದವರು ನೋಟಿಸ್ ತಲುಪಲಿಲ್ಲ ಎಂಬ ತಕರಾರನ್ನು ಮುಂದೆ ಎತ್ತುವಂತಿಲ್ಲ.

ಒಂದು ಷರಾದ ಬಗ್ಗೆ ಮಾತ್ರ ಎಚ್ಚರ ಬೇಕು. ಲಕೋಟೆ 'ವಿಳಾಸದಾರರು ಬಿಟ್ಟುಹೋಗಿದ್ದಾರೆ' ಎಂದು ಮರಳಿದರೆ, ನೀವು ಬರೆದ ವಿಳಾಸ ಸರಿಯಾಗಿತ್ತೇ ಎಂಬ ಪ್ರಶ್ನೆ ಏಳುತ್ತದೆ. 30 ದಿನಗಳಲ್ಲಿ ಸಮಯ ಉಳಿದಿದ್ದರೆ ಹೊಸ ವಿಳಾಸ ಹುಡುಕಿ ಮತ್ತೊಂದು ನೋಟಿಸ್ ಕಳುಹಿಸುವುದು ಉತ್ತಮ.

ಇನ್ನು ವಾಟ್ಸ್ಆ್ಯಪ್. ಕಾಯ್ದೆ ಕೇಳುವುದು ಲಿಖಿತ ನೋಟಿಸನ್ನು ಮಾತ್ರ. ಅದು ಅಂಚೆಯಲ್ಲೇ ಹೋಗಬೇಕೆಂದು ಎಲ್ಲಿಯೂ ಹೇಳಿಲ್ಲ. ಇದರಿಂದ ಅನುಕೂಲವಿರುವಷ್ಟೇ ಅಪಾಯವೂ ಇದೆ. 1999ರ ಎಸ್.ಐ.ಎಲ್. ಇಂಪೋರ್ಟ್ ಪ್ರಕರಣದಲ್ಲಿ ರೇಷ್ಮೆ ರಫ್ತು ಸಂಸ್ಥೆಯೊಂದು 1996ರ ಜೂನ್ 11ರಂದು ಫ್ಯಾಕ್ಸ್ ಮೂಲಕ ನೋಟಿಸ್ ಕಳುಹಿಸಿ, ಮರುದಿನ ಅದನ್ನೇ ರಿಜಿಸ್ಟರ್ಡ್ ಅಂಚೆಗೂ ಹಾಕಿತ್ತು. ಅಂಚೆಯ ಪ್ರತಿ ಜೂನ್ 25ರಂದು ತಲುಪಿತು. ಸಂಸ್ಥೆ ಅಂಚೆಯ ದಿನಾಂಕವನ್ನು ಹಿಡಿದು ಆಗಸ್ಟ್ 8ರಂದು ದೂರು ಸಲ್ಲಿಸಿತು. ಫ್ಯಾಕ್ಸ್ ಕೂಡ ಲಿಖಿತ ನೋಟಿಸೇ, ಅದು ತಲುಪಿದ ದಿನದಿಂದಲೇ 15 ದಿನ ಓಡತೊಡಗಿತು, ಆದ್ದರಿಂದ ದೂರು ತಡವಾಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿ ಪ್ರಕರಣವನ್ನು ಕೈಬಿಟ್ಟಿತು. ಸಾಲ ನಿಜವೇ ಎಂಬ ವಿಚಾರಣೆ ನಡೆಯುವ ಮೊದಲೇ ಎಲ್ಲ ಮುಗಿದುಹೋಯಿತು. ಫ್ಯಾಕ್ಸಿನ ಜಾಗದಲ್ಲಿ ಇಂದು ವಾಟ್ಸ್ಆ್ಯಪ್ ಮತ್ತು ಇ-ಮೇಲ್ ಇವೆ, ತರ್ಕ ಬದಲಾಗಿಲ್ಲ.

ಹಾಗಾದರೆ ನೀವು ಎರಡೂ ಲೆಕ್ಕಗಳನ್ನು ಹಾಕಿ ನೋಡಬೇಕು. ವಾಟ್ಸ್ಆ್ಯಪ್ ತಲುಪಿದ ಜನವರಿ 7ರಿಂದ ಹಿಡಿದರೆ 22ಕ್ಕೆ 15 ದಿನ ತುಂಬಿ, 23ರಂದು ವ್ಯಾಜ್ಯಕಾರಣ ಹುಟ್ಟಿ, ಫೆಬ್ರುವರಿ 23ಕ್ಕೆ ಗಡುವು ಮುಗಿಯುತ್ತದೆ. ಲಕೋಟೆ ಮರಳಿದ ಜನವರಿ 19ರಿಂದ ಹಿಡಿದರೆ ಫೆಬ್ರುವರಿ 3ಕ್ಕೆ 15 ದಿನ ತುಂಬಿ, ದೂರಿನ ಅವಧಿ ಫೆಬ್ರುವರಿ 4ರಿಂದ ಮಾರ್ಚ್ 4ರವರೆಗೆ ಇರುತ್ತದೆ. ಫೆಬ್ರುವರಿ 4 ಮತ್ತು 23ರ ನಡುವೆ ದೂರು ಸಲ್ಲಿಸಿದರೆ ಯಾವ ಲೆಕ್ಕದಲ್ಲಿಯೂ ಅದು ಅವಸರದ್ದೂ ಆಗುವುದಿಲ್ಲ, ತಡವಾದದ್ದೂ ಆಗುವುದಿಲ್ಲ. ವಾಟ್ಸ್ಆ್ಯಪ್ ಸಂದೇಶವನ್ನು ಅಳಿಸಬೇಡಿ. ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಂದಿಗೆ ವಿಲೀನಗೊಳಿಸಿರುವುದರಿಂದ, ಈಗ ನೋಟಿಸ್ ಕಳುಹಿಸುವವರು ರಸೀದಿಯ ಜೊತೆಗೆ ಇಂಟರ್ನೆಟ್ಟಿನಲ್ಲಿ ಸಿಗುವ ಬಟವಾಡೆ ವಿವರವನ್ನೂ ಅಂದೇ ಮುದ್ರಿಸಿ ಇಟ್ಟುಕೊಳ್ಳಬೇಕು. ಮರಳಿ ಬಂದ ಲಕೋಟೆಯನ್ನು ದಯವಿಟ್ಟು ಒಡೆಯಬೇಡಿ, ಮುಚ್ಚಿದ ಸ್ಥಿತಿಯಲ್ಲೇ ಕೋರ್ಟಿಗೆ ಕೊಡಿ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಜವಳಿ ಅಂಗಡಿ. ಗಿರಾಕಿಯೊಬ್ಬರು 3,00,000 ರೂಪಾಯಿಯ ಚೆಕ್ ಕೊಟ್ಟಿದ್ದರು. ಚೆಕ್ಕಿನ ದಿನಾಂಕ ಬರುವ ಮೊದಲೇ ಯುಪಿಐ ಮೂಲಕ 50,000 ರೂಪಾಯಿ ಕಳುಹಿಸಿದರು. ಉಳಿದದ್ದು ಬರಲಿಲ್ಲವೆಂದು ಚೆಕ್ ಹಾಕಿದೆ, ವಾಪಸಾಯಿತು. ನೋಟಿಸಿನಲ್ಲಿ ಚೆಕ್ಕಿನ ಮೂರು ಲಕ್ಷ, ಬಡ್ಡಿ 18,000 ಮತ್ತು ನೋಟಿಸ್ ಖರ್ಚು ಕೇಳಿದ್ದೇವೆ. ಹೆಚ್ಚು ಕೇಳಿದ್ದರಿಂದ ತೊಂದರೆಯಾಗುತ್ತದೆಯೇ?

ಉತ್ತರ: ಬಡ್ಡಿ ಮತ್ತು ಖರ್ಚು ಕೇಳಿದ್ದರಿಂದ ತೊಂದರೆಯಿಲ್ಲ. ಚೆಕ್ಕಿನ ಮೊತ್ತವನ್ನು ಬೇರೆಯಾಗಿ ನಮೂದಿಸಿ ಕೇಳಿದ್ದರೆ, ಅದರ ಜೊತೆಗೆ ಬಡ್ಡಿ, ಖರ್ಚುಗಳನ್ನು ಪ್ರತ್ಯೇಕವಾಗಿ ಕೇಳಿದ ಮಾತ್ರಕ್ಕೆ ನೋಟಿಸ್ ಕೆಡುವುದಿಲ್ಲವೆಂದು 2000ದ ಸುಮನ್ ಸೇಠಿ ತೀರ್ಪು ಹೇಳುತ್ತದೆ. ಚೆಕ್ಕಿನ ಮೊತ್ತವೇ ನೋಟಿಸಿನಲ್ಲಿ ಕಳೆದುಹೋದರೆ ಮಾತು ಬೇರೆ. 2007ರ ರಾಹುಲ್ ಬಿಲ್ಡರ್ಸ್ ಪ್ರಕರಣದಲ್ಲಿ ಚೆಕ್ ಇದ್ದದ್ದು ಒಂದು ಲಕ್ಷಕ್ಕೆ, ನೋಟಿಸಿನಲ್ಲಿ ಕೇಳಿದ್ದು ಎಂಟು ಲಕ್ಷಕ್ಕೂ ಮೀರಿದ ಒಟ್ಟು ಬಾಕಿಯನ್ನು. ಆ ನೋಟಿಸ್ ಅಸಿಂಧುವಾಯಿತು. 2025ರ ಸೆಪ್ಟೆಂಬರಿನ ಕಾವೇರಿ ಪ್ಲಾಸ್ಟಿಕ್ಸ್ ತೀರ್ಪು ಇನ್ನೂ ಬಿಗಿಯಾಗಿದೆ. ಅಲ್ಲಿ ಒಂದು ಕೋಟಿಯ ಚೆಕ್ಕಿಗೆ ಎರಡು ಕೋಟಿಯೆಂದು ನೋಟಿಸಿನಲ್ಲಿ ಬರೆಯಲಾಗಿತ್ತು. ಅದು ಟೈಪಿಂಗ್ ದೋಷವೆಂಬ ವಿವರಣೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದಂಡನೆಯ ಕಾನೂನಿನಲ್ಲಿ ನೋಟಿಸಿನ ಅಂಕಿ ಚೆಕ್ಕಿನ ಅಂಕಿಗೆ ಕರಾರುವಾಕ್ಕಾಗಿ ಹೊಂದಿರಲೇಬೇಕು ಎಂದಿತು. ಎಷ್ಟು ಕೊಟ್ಟರೆ ತಾನು ಪಾರಾಗುತ್ತೇನೆಂಬುದು ಚೆಕ್ ಕೊಟ್ಟವನಿಗೆ ನೋಟಿಸ್ ಓದಿದ ಕೂಡಲೇ ತಿಳಿಯಬೇಕು ಎಂಬುದೇ ಇದರ ಹಿಂದಿನ ನ್ಯಾಯ. ನೋಟಿಸಿಗೆ ಸಹಿ ಮಾಡುವ ಮುನ್ನ ಮೊತ್ತ, ಚೆಕ್ ಸಂಖ್ಯೆ, ದಿನಾಂಕ ಮೂರನ್ನೂ ಮೂಲ ಚೆಕ್ಕಿನೊಂದಿಗೆ ಕೂತು ತಾಳೆ ನೋಡುವಂತೆ ಕಕ್ಷಿದಾರರಲ್ಲಿಯೂ ವಕೀಲ ಮಿತ್ರರಲ್ಲಿಯೂ ಕೇಳಿಕೊಳ್ಳುತ್ತೇನೆ.

ನಿಮ್ಮ ನಿಜವಾದ ತೊಂದರೆ ಆ 50,000 ರೂಪಾಯಿಯಲ್ಲಿದೆ, ಅದನ್ನು ಮುಚ್ಚಿಡದೆ ಹೇಳಬೇಕು. ಚೆಕ್ಕನ್ನು ಹಾಜರುಪಡಿಸುವ ದಿನ ಅದರಲ್ಲಿರುವ ಮೊತ್ತ ನಿಜವಾಗಿ ಬರಬೇಕಾದ ಬಾಕಿಯನ್ನು ಸೂಚಿಸುತ್ತಿರಬೇಕು. ಚೆಕ್ ಕೊಟ್ಟ ಮೇಲೆ ಭಾಗಶಃ ಹಣ ಬಂದಿದ್ದರೆ ಅದನ್ನು ಇದೇ ಕಾಯ್ದೆಯ 56ನೇ ಕಲಮಿನ ಪ್ರಕಾರ ಚೆಕ್ಕಿನ ಮೇಲೆ ನಮೂದಿಸಿ ಉಳಿದ ಮೊತ್ತಕ್ಕಷ್ಟೇ ಹಾಜರುಪಡಿಸಬೇಕು, ಪೂರ್ತಿ ಮೊತ್ತಕ್ಕೆ ಹಾಜರುಪಡಿಸಿ ಅದು ವಾಪಸಾದರೆ 138ನೇ ಕಲಮಿನ ಅಪರಾಧವಾಗುವುದಿಲ್ಲ ಎಂದು 2022ರ ದಶರಥಭಾಯಿ ತ್ರಿಕಮಭಾಯಿ ಪಟೇಲ್ ತೀರ್ಪು ಸ್ಪಷ್ಟಪಡಿಸಿದೆ. ಈಗಿರುವ ನೋಟಿಸಿನ ಮೇಲೆ ಕ್ರಿಮಿನಲ್ ದೂರು ಹಾಕಿದರೆ ಅದು ನಿಲ್ಲುವುದು ಕಷ್ಟ. ಮೂರು ತಿಂಗಳ ಮಾನ್ಯತೆ ಇನ್ನೂ ಉಳಿದಿದ್ದರೆ 50,000 ಪಾವತಿಯಾದುದನ್ನು ಚೆಕ್ಕಿನ ಮೇಲೆ ಬರೆದು 2,50,000ಕ್ಕೆ ಮತ್ತೆ ಹಾಕಿ. ಬ್ಯಾಂಕಿನವರೊಂದಿಗೆ ಮೊದಲೇ ಮಾತನಾಡಿ. ಗಿರಾಕಿ ಒಪ್ಪಿದರೆ ಉಳಿದ ಮೊತ್ತಕ್ಕೆ ಹೊಸ ಚೆಕ್ ಪಡೆಯುವುದು ಅದಕ್ಕಿಂತ ಸುಲಭ. ಎರಡೂ ಆಗದಿದ್ದರೆ ಸಿವಿಲ್ ದಾವೆಯ ದಾರಿ ತೆರೆದೇ ಇದೆ. ಮೂರು ವರ್ಷಗಳ ಕಾಲಮಿತಿಯೊಳಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿ ಚೆಕ್ಕಿನ ಆಧಾರದ ಮೇಲೆ ಸಂಕ್ಷಿಪ್ತ ದಾವೆ ಹೂಡಬಹುದು.

ಪ್ರಶ್ನೆ: ನಾನು ಹಾಸನದಲ್ಲಿ ಗೂಡ್ಸ್ ಆಟೋ ಓಡಿಸುತ್ತೇನೆ. ಸಾಲ ಪಡೆಯುವಾಗ ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದೆ. ಉಳಿದಿರುವ ಬಾಕಿ ಸುಮಾರು 40,000. ಈಗ 1,75,000 ಎಂದು ಬರೆದುಕೊಂಡು ಚೆಕ್ ಹಾಕಿ, ಬೌನ್ಸ್ ಆಗಿದೆಯೆಂದು ವಕೀಲರ ನೋಟಿಸ್ ಕಳುಹಿಸಿದ್ದಾರೆ. ಉತ್ತರ ಕೊಟ್ಟರೆ ಸಿಕ್ಕಿಹಾಕಿಕೊಳ್ಳುತ್ತೀಯ, ಸುಮ್ಮನಿರು ಎಂದು ಸ್ನೇಹಿತರು ಹೇಳುತ್ತಾರೆ. ಪೊಲೀಸರು ಬಂಧಿಸುತ್ತಾರೆಯೇ?

ಉತ್ತರ: ಸ್ನೇಹಿತರ ಮಾತು ಕೇಳಬೇಡಿ. ನೋಟಿಸ್ ನಿಮ್ಮ ಕೈ ಸೇರಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಟ್ಟುಕೊಳ್ಳಿ, 15 ದಿನಗಳೊಳಗೆ ವಕೀಲರ ಮೂಲಕ ಲಿಖಿತ ಉತ್ತರ ಕೊಡಿ. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ರಂಗಪ್ಪ ಪ್ರಕರಣ ಈ ವಿಷಯದಲ್ಲಿ ದೇಶದಾದ್ಯಂತ ಉಲ್ಲೇಖವಾಗುತ್ತದೆ. ಅದು 45,000 ರೂಪಾಯಿಯ ಚೆಕ್. ಸಹಿಯನ್ನು ಒಪ್ಪಿಕೊಂಡ ಮೇಲೆ, ಕಾನೂನುಬದ್ಧ ಸಾಲಕ್ಕಾಗಿಯೇ ಚೆಕ್ ಕೊಟ್ಟಿದ್ದಾರೆಂಬ ಪೂರ್ವಭಾವನೆಯನ್ನು 139ನೇ ಕಲಮಿನಡಿ ನ್ಯಾಯಾಲಯ ತಾಳಲೇಬೇಕು, ಅದನ್ನು ಅಲ್ಲಗಳೆಯುವ ಹೊಣೆ ಆರೋಪಿಯದು ಎಂದು 2010ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಆರೋಪಿ ನೋಟಿಸಿಗೆ ಉತ್ತರವನ್ನೇ ಕೊಡದಿದ್ದುದು ಅವರ ವಾದವನ್ನು ದುರ್ಬಲಗೊಳಿಸಿದ ಅಂಶಗಳಲ್ಲಿ ಒಂದು. ಉತ್ತರ ಕೊಡದ ಮಾತ್ರಕ್ಕೆ ಮುಂದೆ ಪ್ರತಿವಾದವೇ ಇಲ್ಲವೆಂದಲ್ಲ, 2022ರ ತೇಧಿ ಸಿಂಗ್ ತೀರ್ಪು ಆ ಬಾಗಿಲನ್ನು ತೆರೆದೇ ಇಟ್ಟಿದೆ. ಆದರೆ ಆರಂಭದಲ್ಲೇ ಹೇಳಿದ ಮಾತಿಗೆ ಇರುವ ತೂಕ ವರ್ಷಗಳ ನಂತರ ಕಟಕಟೆಯಲ್ಲಿ ಹೇಳಿದ ಮಾತಿಗೆ ಬರುವುದಿಲ್ಲ.

ಖಾಲಿ ಚೆಕ್ ಎಂಬ ಒಂದೇ ವಾದವನ್ನು ನೆಚ್ಚಿಕೊಳ್ಳಬೇಡಿ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಈ ಪೂರ್ವಭಾವನೆ ಅನ್ವಯಿಸುತ್ತದೆ ಎಂದು 2019ರ ಬೀರ್ ಸಿಂಗ್ ತೀರ್ಪಿನಲ್ಲಿದೆ. ನಿಮ್ಮ ಬಲ ಇರುವುದು ಲೆಕ್ಕದಲ್ಲಿ. ಚೆಕ್ ಹಾಕಿದ ದಿನ ಬಾಕಿ ಇದ್ದದ್ದು 40,000 ಮಾತ್ರ ಎಂದು ತೋರಿಸಬಲ್ಲಿರಾದರೆ, ಮೇಲೆ ಹೇಳಿದ ದಶರಥಭಾಯಿ ತೀರ್ಪು ನಿಮ್ಮ ನೆರವಿಗೆ ಬರುತ್ತದೆ. ಕಂತು ಕಟ್ಟಿದ ರಸೀದಿ, ಪಾಸ್‌ಬುಕ್ಕಿನ ಪುಟ, ಯುಪಿಐ ವಿವರ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಉತ್ತರದಲ್ಲಿ ಉಲ್ಲೇಖಿಸಿ. ನಿಜವಾದ ಬಾಕಿಯನ್ನು ಅದೇ ಅವಧಿಯಲ್ಲಿ ಖಾತೆಯ ಮೂಲಕ ಕಟ್ಟಿ ದಾಖಲೆ ಇಟ್ಟುಕೊಳ್ಳಿ. ನಗದು ಕೊಟ್ಟು ಬರಬೇಡಿ.

ಪೊಲೀಸರ ಭಯ ಬೇಡ. 138ನೇ ಕಲಮಿನ ಅಪರಾಧವನ್ನು ಚೆಕ್ ಪಡೆದವರ ಲಿಖಿತ ದೂರಿನ ಮೇಲೆ ಮ್ಯಾಜಿಸ್ಟ್ರೇಟರು ಮಾತ್ರ ವಿಚಾರಣೆಗೆ ತೆಗೆದುಕೊಳ್ಳಬಹುದು. ಕೋರ್ಟಿನ ಸಮನ್ಸ್ ಬಂದರೆ ಮಾತ್ರ ತಪ್ಪಿಸಬೇಡಿ, ಗೈರುಹಾಜರಾದರೆ ವಾರಂಟ್ ಹೊರಡುತ್ತದೆ. ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. 2018ರಲ್ಲಿ ಸೇರಿದ 143ಎ ಕಲಮಿನಡಿ ವಿಚಾರಣೆ ನಡೆಯುತ್ತಿರುವಾಗಲೇ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕಟ್ಟಲು ಆದೇಶವಾಗುವ ಸಾಧ್ಯತೆಯೂ ಇದೆ. ನೋಟಿಸಿನ ಹಂತದಲ್ಲೇ ಎಚ್ಚೆತ್ತುಕೊಳ್ಳಬೇಕೆಂದು ಹೇಳುತ್ತಿರುವುದು ಇದಕ್ಕಾಗಿಯೇ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಬಿಡಿಭಾಗಗಳನ್ನು ಖರೀದಿಸಿದ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರ ಚೆಕ್ ವಾಪಸಾಗಿದೆ. ಸಹಿ ಮಾಡಿದ ನಿರ್ದೇಶಕರ ಹೆಸರಿಗೆ ಮಾತ್ರ ನೋಟಿಸ್ ಕೊಟ್ಟಿದ್ದೇವೆ. ಸಾಕೇ?

ಉತ್ತರ: ಸಾಲದು. ಖಾತೆ ಕಂಪನಿಯದಾದ್ದರಿಂದ ಚೆಕ್ ಕೊಟ್ಟದ್ದು ಕಂಪನಿ. ನೋಟಿಸ್ ಕಂಪನಿಯ ಹೆಸರಿಗೆ ಹೋಗಬೇಕು, ದೂರಿನಲ್ಲಿಯೂ ಕಂಪನಿ ಆರೋಪಿಯಾಗಿರಬೇಕು. ಕಂಪನಿಯನ್ನು ಸೇರಿಸದೆ ನಿರ್ದೇಶಕರನ್ನಷ್ಟೇ ವಿಚಾರಣೆಗೆ ಒಳಪಡಿಸಲಾಗದೆಂದು 2012ರ ಅನೀತಾ ಹಾಡಾ ತೀರ್ಪು ಹೇಳಿದೆ. ನಮ್ಮ ರಾಜ್ಯದಿಂದಲೇ ಹೋದ ಹಿಮಾಂಶು ಮತ್ತು ಬಿ. ಶಿವಮೂರ್ತಿ ನಡುವಿನ ಪ್ರಕರಣದಲ್ಲಿ, ಕಂಪನಿಗೆ ನೋಟಿಸ್ ಕೊಡದೆ ನಿರ್ದೇಶಕರ ಮೇಲೆ ಮಾತ್ರ ಹಾಕಿದ ದೂರನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದುಪಡಿಸಿತು, ನಂತರ ಕಂಪನಿಯನ್ನು ಸೇರಿಸಿಕೊಳ್ಳುವ ಅವಕಾಶವನ್ನೂ ಕೊಡಲಿಲ್ಲ. ನಿಮ್ಮ 30 ದಿನ ಮುಗಿದಿಲ್ಲವಾದರೆ ಇಂದೇ ಕಂಪನಿಯ ನೋಂದಾಯಿತ ಕಚೇರಿಯ ವಿಳಾಸಕ್ಕೆ ಹೊಸ ನೋಟಿಸ್ ಕಳುಹಿಸಿ. ಮುಗಿದಿದ್ದು ಚೆಕ್ಕಿನ ಮಾನ್ಯತೆ ಉಳಿದಿದ್ದರೆ ಮತ್ತೊಮ್ಮೆ ಹಾಜರುಪಡಿಸಿ. ಕಂಪನಿಗೆ ನೋಟಿಸ್ ತಲುಪಿದ್ದರೆ ಪ್ರತಿ ನಿರ್ದೇಶಕರಿಗೂ ಬೇರೆಬೇರೆ ನೋಟಿಸ್ ಕೊಡಬೇಕಾದ ಅಗತ್ಯ ಕಾನೂನಿನಲ್ಲಿಲ್ಲ.

ಪ್ರಶ್ನೆ: ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ಬೆಳೆಗಾರ ನಾನು. ನೋಟಿಸ್ ಸಕಾಲದಲ್ಲಿ ಹೋಗಿದೆ. ಆದರೆ ಅಪಘಾತವಾಗಿ ಆಸ್ಪತ್ರೆಯಲ್ಲಿದ್ದುದರಿಂದ ದೂರು ಸಲ್ಲಿಸುವ ಒಂದು ತಿಂಗಳ ಗಡುವು ಮೀರಿ ಇಪ್ಪತ್ತು ದಿನವಾಗಿದೆ. ದಾರಿಯಿದೆಯೇ? ನಮ್ಮ ಸಂಬಂಧಿಯೊಬ್ಬರು ಇದಕ್ಕೆ ವಿರುದ್ಧವಾಗಿ, ನೋಟಿಸ್ ತಲುಪಿದ ಹತ್ತೇ ದಿನಕ್ಕೆ ದೂರು ಹಾಕಿಬಿಟ್ಟಿದ್ದಾರೆ. ಅವರ ಕಥೆಯೇನು?

ಉತ್ತರ: ನಿಮಗೆ ದಾರಿಯಿದೆ. ಸಾಕಷ್ಟು ಕಾರಣವಿತ್ತೆಂದು ಮನವರಿಕೆಯಾದರೆ ತಡವಾದ ದೂರನ್ನೂ ಸ್ವೀಕರಿಸುವ ಅಧಿಕಾರವನ್ನು 2002ರ ತಿದ್ದುಪಡಿ ನ್ಯಾಯಾಲಯಕ್ಕೆ ಕೊಟ್ಟಿದೆ. ವಿಳಂಬ ಮನ್ನಾ ಅರ್ಜಿಯನ್ನು ದೂರಿನ ಜೊತೆಯಲ್ಲಿಯೇ ಅಫಿಡವಿಟ್ ಸಹಿತ ಸಲ್ಲಿಸಿ. ಆಸ್ಪತ್ರೆಗೆ ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕಗಳ ದಾಖಲೆ, ವೈದ್ಯರು ಸೂಚಿಸಿದ ವಿಶ್ರಾಂತಿಯ ಚೀಟಿ ಲಗತ್ತಿಸಿ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ದಿನಗಳು ಕಳೆದಿದ್ದರೆ ಅವುಗಳಿಗೂ ಕಾರಣ ಹೇಳಬೇಕು. ಈ ರಿಯಾಯಿತಿ ದೂರಿನ ವಿಳಂಬಕ್ಕೆ ಮಾತ್ರ ಅನ್ವಯಿಸುತ್ತದೆ. ನೋಟಿಸ್ ಕೊಡುವ 30 ದಿನ ಮೀರಿದ್ದರೆ ಅದನ್ನು ಮನ್ನಾ ಮಾಡುವ ಅಧಿಕಾರ ಯಾವ ಮ್ಯಾಜಿಸ್ಟ್ರೇಟರಿಗೂ ಇಲ್ಲ.

ನಿಮ್ಮ ಸಂಬಂಧಿಯ ದೂರು ಕಾನೂನಿನ ಕಣ್ಣಿನಲ್ಲಿ ದೂರೇ ಅಲ್ಲ. 15 ದಿನ ತುಂಬುವ ಮೊದಲು ಅಪರಾಧವೇ ಆಗಿರುವುದಿಲ್ಲವಾದ್ದರಿಂದ, ವಿಚಾರಣೆಗೆ ತೆಗೆದುಕೊಳ್ಳುವ ಹೊತ್ತಿಗೆ 15 ದಿನ ಕಳೆದಿದ್ದರೂ ಆ ದೂರು ಊರ್ಜಿತವಾಗುವುದಿಲ್ಲ ಎಂದು 2014ರ ಯೋಗೇಂದ್ರ ಪ್ರತಾಪ್ ಸಿಂಗ್ ತೀರ್ಪಿನಲ್ಲಿ ಹೇಳಲಾಗಿದೆ. ಆದರೆ ಹಾಗೆ ವಜಾ ಆದ ದಿನದಿಂದ ಒಂದು ತಿಂಗಳೊಳಗೆ ಹೊಸ ದೂರು ಸಲ್ಲಿಸಿದರೆ ವಿಳಂಬವನ್ನು ಮನ್ನಿಸಬೇಕೆಂದೂ ಅದೇ ತೀರ್ಪು ಹೇಳಿದೆ. ಮೂಲ ದೂರಿನ ಒಂದು ತಿಂಗಳ ಅವಧಿಯೇ ಇನ್ನೂ ಉಳಿದಿದ್ದರೆ, ಈಗಿನ ದೂರನ್ನು ಹಿಂಪಡೆದು ಆ ಅವಧಿಯೊಳಗೆ ಹೊಸದಾಗಿ ಸಲ್ಲಿಸಲು ಅವರಿಗೆ ಹೇಳಿ.